ಬಿಸಿಯಾದಾಗ ಮಾತ್ರ ಆಫ್ ಆಗುವ ಎಂಜಿನ್: ಹಳೆಯ ಎಫ್-150 ಪಿಕಪ್‌ನಲ್ಲಿ ಕಾರಣ ಹುಡುಕಿದ ಬಗೆ

ಓಡುತ್ತಿರುವಾಗಲೇ ಆಫ್ ಆಗಿ, ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುವ ಎಂಜಿನ್ನಿನ ದೋಷವನ್ನು ಹುಡುಕುವುದು, ಸ್ಟಾರ್ಟೇ ಆಗದ ಎಂಜಿನ್ನಿನ ದೋಷವನ್ನು ಹುಡುಕುವುದಕ್ಕಿಂತ ಬಹಳ ಕಷ್ಟದ ಕೆಲಸ. ಪೂರ್ತಿ ಕೆಟ್ಟ ಗಾಡಿ ಪರೀಕ್ಷೆಗೆ ಸಿಗುತ್ತದೆ. ಆಗೊಮ್ಮೆ ಈಗೊಮ್ಮೆ ಕೈಕೊಡುವ ಗಾಡಿ ಮೆಕ್ಯಾನಿಕ್ಕಿನ ಮುಂದೆ ನಿಂತಾಗ ಸರಿಯಾಗಿಯೇ ಓಡುತ್ತದೆ. ಮೆಕ್ಯಾನಿಕ್ ಎಷ್ಟೇ ಅನುಭವಿಯಾಗಿರಲಿ, ಸರಿಯಾಗಿ ಓಡುತ್ತಿರುವ ಎಂಜಿನ್ನಿನಲ್ಲಿ ಇಲ್ಲದ ದೋಷವನ್ನು ಅಳೆಯಲಾರರು. ಆಗ ಉಳಿಯುವ ದಾರಿಯೆಂದರೆ ಊಹೆಯ ಮೇಲೆ ಒಂದೊಂದೇ ಭಾಗವನ್ನು ಬದಲಿಸುತ್ತಾ ಹೋಗುವುದು. ಆ ದಾರಿಯಲ್ಲಿ ದುಡ್ಡು ಹೋಗುತ್ತದೆ, ಅದಕ್ಕಿಂತ ಮುಖ್ಯವಾಗಿ ಗಾಡಿಯ ಮೇಲಿನ ನಂಬಿಕೆ ಹೋಗುತ್ತದೆ. ಎಂಜಿನ್ ಆಫ್ ಆಗುವ ಆ ಕೆಲವು ಸೆಕೆಂಡುಗಳು ಮತ್ತು ಅದರ ಹಿಂದೆಯೇ ಬರುವ ಕೆಲವು ನಿಮಿಷಗಳಷ್ಟೇ ದೋಷವು ನಮ್ಮ ಕೈಗೆ ಸಿಗುವ ಹೊತ್ತು ಎಂಬುದು ನನ್ನ ಅನುಭವ. ಆ ಹೊತ್ತಿಗೆ ನಮ್ಮ ಮೀಟರುಗಳು ಆಗಲೇ ಗಾಡಿಗೆ ಜೋಡಣೆಯಾಗಿರಬೇಕು.

ನಾನು ಬರೆಯುತ್ತಿರುವುದು 1990ರ ಫೋರ್ಡ್ ಎಫ್-150 ಪಿಕಪ್ ಬಗ್ಗೆ. 4.9 ಲೀಟರಿನ, ಸಾಲಾಗಿ ಆರು ಸಿಲಿಂಡರುಗಳಿರುವ ಎಂಜಿನ್ ಇದರದು. 300 ಘನ ಅಂಗುಲದ ಅಳತೆಯಿಂದಾಗಿ ಅಮೆರಿಕದ ಮೆಕ್ಯಾನಿಕ್‌ಗಳು ಇದನ್ನು ಇಂದಿಗೂ 'ತ್ರೀ ಹಂಡ್ರೆಡ್' ಎಂದೇ ಕರೆಯುತ್ತಾರೆ. 1965ರಲ್ಲಿ ಬಂದ ಈ ಎಂಜಿನ್ 1996ರವರೆಗೆ ತಯಾರಾಯಿತು. 1987ರಲ್ಲಿ ಕಾರ್ಬ್ಯುರೇಟರ್ ಹೋಗಿ ಎಲೆಕ್ಟ್ರಾನಿಕ್ ಫ್ಯೂಯಲ್ ಇಂಜೆಕ್ಷನ್ ಬಂದಿತು. ವೇಗಕ್ಕಿಂತ ಭಾರ ಎಳೆಯುವುದಕ್ಕೆ ಹೇಳಿಮಾಡಿಸಿದ ಎಂಜಿನ್ ಇದು. ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟನ್ನು ಬೆಲ್ಟು ಅಥವಾ ಚೈನಿನ ಬದಲು ಗೇರುಗಳೇ ತಿರುಗಿಸುತ್ತವೆ. ಫೀನಿಕ್ಸ್‌ನಲ್ಲಿರುವ ನಮ್ಮ ಮನೆಯಲ್ಲಿ ಮರದ ಹಲಗೆ, ಗೊಬ್ಬರದ ಚೀಲ ತರುವುದರಿಂದ ಹಿಡಿದು ಇಲ್ಲಿನ ಕನ್ನಡಿಗರ ಯುಗಾದಿ ಊಟಕ್ಕೆ ದೊಡ್ಡ ಪಾತ್ರೆಗಳನ್ನು ಸಾಗಿಸುವವರೆಗೆ ಎಲ್ಲ ಕೆಲಸವೂ ಇದರದೇ. ಇದನ್ನು ಮಾರಿ ಹೊಸದನ್ನು ಕೊಳ್ಳುವ ಸಲಹೆ ಹಲವರಿಂದ ಬಂದಿದೆ. ಆದರೆ ಬಾನೆಟ್ ಎತ್ತಿದರೆ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುವ, ಕೈಗೆ ಎಟುಕುವ ಗಾಡಿಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಇದರ ತೊಂದರೆ ಹೀಗಿತ್ತು. ಚಳಿಗಾಲದಲ್ಲಿ ಒಂದು ದೂರೂ ಇಲ್ಲ. ಮೇ ತಿಂಗಳ ಬಿಸಿಲು ಏರತೊಡಗಿದ ಮೇಲೆ, ಅರ್ಧ ಮುಕ್ಕಾಲು ಗಂಟೆ ಓಡಿದ ಬಳಿಕ ಎಂಜಿನ್ ಮೊದಲು ಸಣ್ಣಗೆ ತಡವರಿಸುತ್ತಿತ್ತು, ಆಕ್ಸಿಲರೇಟರ್ ಒತ್ತಿದರೆ ವೇಗ ಏರದೆ ಇನ್ನಷ್ಟು ಕುಸಿಯುತ್ತಿತ್ತು, ಬಳಿಕ ಆಫ್ ಆಗುತ್ತಿತ್ತು. ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿ ತಿರುಗುತ್ತಿತ್ತೇ ಹೊರತು ಹತ್ತಿಕೊಳ್ಳುತ್ತಿರಲಿಲ್ಲ. ಇಪ್ಪತ್ತು ನಿಮಿಷದಷ್ಟು ಬಿಟ್ಟರೆ ಒಂದೇ ಸೆಲ್ಫಿಗೆ ಸ್ಟಾರ್ಟ್. ಹಿಂದಿನ ಮಾಲೀಕರು ಗಾಡಿಯ ಜೊತೆ ಕೊಟ್ಟಿದ್ದ ರಸೀದಿಗಳ ಕಟ್ಟನ್ನು ಬಿಚ್ಚಿ ನೋಡಿದರೆ ಈ ಕಾಯಿಲೆ ಹಳೆಯದೆಂದು ಗೊತ್ತಾಗುತ್ತದೆ: ಇಗ್ನಿಷನ್ ಮಾಡ್ಯೂಲ್, ಕಾಯಿಲ್, ಮುಂದಿನ ಟ್ಯಾಂಕಿನ ಪೆಟ್ರೋಲ್ ಪಂಪ್, ಫಿಲ್ಟರ್ ಎಲ್ಲವೂ ಬೇರೆ ಬೇರೆ ಬೇಸಿಗೆಗಳಲ್ಲಿ ಬದಲಾಗಿವೆ. ಬದಲಿಸಿದವರು ಒಂದೊಂದು ಸಲವೂ ಸರಿಯಾಯಿತೆಂದೇ ನಂಬಿರಬೇಕು, ಏಕೆಂದರೆ ಕೆಲಸ ಮುಗಿಯುವ ಹೊತ್ತಿಗೆ ಎಂಜಿನ್ ತಣ್ಣಗಾಗಿರುತ್ತಿತ್ತು.

ದಾವಣಗೆರೆಯಲ್ಲಿ ಬಹಳ ವರ್ಷ ಗ್ಯಾರೇಜ್ ನಡೆಸಿದ ನನ್ನ ಭಾವನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದಾಗ ಅವರು ಹೇಳಿದ್ದು ಇಷ್ಟೇ: "ಗಾಡಿ ಆಫ್ ಆದ ತಕ್ಷಣ ಕರೆಂಟ್ ಇದೆಯೋ ನೋಡಪ್ಪ, ಆಮೇಲೆ ಪೆಟ್ರೋಲ್ ನೋಡು. ಅದೆರಡನ್ನೂ ನೋಡದೆ ಒಂದು ಸಾಮಾನೂ ಬಿಚ್ಚಬೇಡ." ಅವರು ಕೆಲಸ ಮಾಡಿದ್ದು ಹೆಚ್ಚಾಗಿ ಕಾರ್ಬ್ಯುರೇಟರ್ ಗಾಡಿಗಳಲ್ಲಿ. ಆ ಮಾತು ಇಂಜೆಕ್ಷನ್ ಎಂಜಿನ್ನಿಗೂ ಅಷ್ಟೇ ಸಲ್ಲುತ್ತದೆ, ಒಂದನ್ನು ಮಾತ್ರ ಸೇರಿಸಿಕೊಳ್ಳಬೇಕು: ಕರೆಂಟ್ ಮತ್ತು ಪೆಟ್ರೋಲ್ ಎರಡನ್ನೂ ಇಲ್ಲಿ ಒಂದು ಕಂಪ್ಯೂಟರ್ ನಡೆಸುತ್ತದೆ, ಆದ್ದರಿಂದ ಕಂಪ್ಯೂಟರ್ ಎಚ್ಚರವಾಗಿದೆಯೇ ಎಂಬುದು ಮೊದಲ ಪ್ರಶ್ನೆಯಾಗುತ್ತದೆ.

ಈ ಪಿಕಪ್‌ನಲ್ಲಿರುವ ಇ.ಇ.ಸಿ.-4 ಎಂಬ ಕಂಪ್ಯೂಟರ್ ಕೆಲಸ ಮಾಡುವ ಕ್ರಮವನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಜನ ದಾರಿ ತಪ್ಪುವುದು ಇಲ್ಲಿಯೇ. ಸ್ಪಾರ್ಕನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ಪಿಪ್ ಎಂದು ಕರೆಯುವ ಒಂದು ಹಾಲ್ ಸೆನ್ಸರ್ (ಕಾಂತಕ್ಷೇತ್ರದ ಬದಲಾವಣೆಯನ್ನು ಗುರುತಿಸುವ ಸೆನ್ಸರ್) ಇರುತ್ತದೆ. ಶಾಫ್ಟಿನ ಜೊತೆ ತಿರುಗುವ ಲೋಹದ ಬಟ್ಟಲಿನ ಕಿಂಡಿಗಳು ಅದರ ಮುಂದೆ ಹಾದುಹೋದಂತೆಲ್ಲ ಸೆನ್ಸರ್ ಒಂದೊಂದು ಮಿಡಿತವನ್ನು ಕಳಿಸುತ್ತದೆ. ಎಂಜಿನ್ ತಿರುಗುತ್ತಿದೆ ಎಂಬುದು ಕಂಪ್ಯೂಟರಿಗೆ ತಿಳಿಯುವುದು ಈ ಮಿಡಿತದಿಂದ ಮಾತ್ರ. ಅದನ್ನು ನಂಬಿಯೇ ಕಂಪ್ಯೂಟರ್ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ತೆರೆಯುತ್ತದೆ, ಸ್ಪಾರ್ಕಿನ ಸಮಯವನ್ನು ಇಗ್ನಿಷನ್ ಮಾಡ್ಯೂಲಿಗೆ ತಿಳಿಸುತ್ತದೆ, ಪಂಪಿನ ರಿಲೇಯನ್ನು (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್ಚು) ಆನ್ ಆಗಿ ಹಿಡಿದಿಟ್ಟುಕೊಳ್ಳುತ್ತದೆ. ಮಿಡಿತ ನಿಂತರೆ ಎಂಜಿನ್ ನಿಂತಿದೆ ಎಂದೇ ಕಂಪ್ಯೂಟರ್ ತಿಳಿಯುತ್ತದೆ, ಅಪಘಾತವಾದಾಗ ಪೆಟ್ರೋಲ್ ಹರಿಯುತ್ತಲೇ ಇರಬಾರದೆಂದು ಪಂಪನ್ನೂ ಆಫ್ ಮಾಡುತ್ತದೆ. ಹೀಗಾಗಿ ಡಿಸ್ಟ್ರಿಬ್ಯೂಟರಿನೊಳಗಿನ ಒಂದು ಸಣ್ಣ ಸೆನ್ಸರ್ ಬಿಸಿಯಾಗಿ ಕೈಕೊಟ್ಟರೆ, ಹೊರಗಿನಿಂದ ನೋಡುವವರಿಗೆ ಅದು ಪಂಪ್ ಕೆಟ್ಟಂತೆಯೂ ಕಾಣಬಹುದು, ಇಂಜೆಕ್ಟರ್ ಕೆಟ್ಟಂತೆಯೂ ಕಾಣಬಹುದು, ಕಂಪ್ಯೂಟರೇ ಕೆಟ್ಟಂತೆಯೂ ಕಾಣಬಹುದು. ಪಂಪ್ ಓಡುತ್ತಿಲ್ಲ ಎಂದು ಕಂಡಮಾತ್ರಕ್ಕೆ ಪಂಪ್ ಕೆಟ್ಟಿದೆ ಎಂದು ತೀರ್ಮಾನಿಸುವುದು ಅದಕ್ಕೇ ಅವಸರದ ಮಾತು.

ಎಂಜಿನ್ ಆಫ್ ಆದ ಮೇಲೆ ಮೊದಲ ಅರ್ಧ ನಿಮಿಷದಲ್ಲಿ ಬರಿಗೈಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ರಸ್ತೆಯ ಬದಿಗೆ ಸುರಕ್ಷಿತವಾಗಿ ನಿಲ್ಲಿಸಿ, ಕೀಲಿಯನ್ನು ಪೂರ್ತಿ ಆಫ್ ಮಾಡಿ, ಒಂದು ಕ್ಷಣ ಬಿಟ್ಟು, ಸೆಲ್ಫ್ ಹೊಡೆಯದೆ ಆನ್ ಮಾತ್ರ ಮಾಡಬೇಕು. ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಎಂಜಿನ್ ದೀಪ ಬೆಳಗಬೇಕು, ಮತ್ತು ಹಿಂದಿನಿಂದ ಪೆಟ್ರೋಲ್ ಪಂಪ್ ಒಂದು ಸೆಕೆಂಡಿನಷ್ಟು ಗುಂಯ್ ಎಂದು ಓಡಿ ನಿಲ್ಲಬೇಕು. ಎಂಜಿನ್ ತಿರುಗುವ ಮೊದಲೇ ಲೈನಿನಲ್ಲಿ ಒತ್ತಡ ತುಂಬಲು ಕಂಪ್ಯೂಟರ್ ಮಾಡುವ ಕೆಲಸ ಅದು. ದೀಪವೂ ಬೆಳಗಲಿಲ್ಲ, ಪಂಪೂ ಸದ್ದು ಮಾಡಲಿಲ್ಲ ಎಂದರೆ ಕಂಪ್ಯೂಟರಿಗೇ ವಿದ್ಯುತ್ ಇಲ್ಲ: ಅದರ ಪವರ್ ರಿಲೇ, ಬ್ಯಾಟರಿಯ ಬಳಿಯ ಫ್ಯೂಸಿಬಲ್ ಲಿಂಕ್ (ಫ್ಯೂಸಿನಂತೆ ಕರಗುವ ವೈರು), ಇಗ್ನಿಷನ್ ಸ್ವಿಚ್ಚು, ಅಥವಾ ಅರ್ಥ್ ವೈರಿನ ಜೋಡಣೆ, ಇವುಗಳ ಕಡೆ ತಿರುಗಬೇಕು. ಸೆನ್ಸರುಗಳಿಗೆ ಹೋಗುವ 5 ವೋಲ್ಟ್ ಇದೆಯೇ ಎಂದು ಥ್ರಾಟಲ್ ಸೆನ್ಸರಿನ ಕನೆಕ್ಟರಿನಲ್ಲಿ ಅಳೆದರೆ ಇದು ಖಚಿತವಾಗುತ್ತದೆ. ದೀಪ ಬೆಳಗಿ ಪಂಪ್ ಸದ್ದೂ ಬಂದರೆ ಕಂಪ್ಯೂಟರ್ ಎಚ್ಚರವಾಗಿದೆ ಎಂದರ್ಥ.

ಕಂಪ್ಯೂಟರ್ ಎಚ್ಚರವಾಗಿದ್ದರೆ ಮುಂದಿನದು ಸೆಲ್ಫ್ ಹೊಡೆಯುವಾಗ ನೋಡುವ ಪರೀಕ್ಷೆ, ಇದಕ್ಕೆ ಇಬ್ಬರು ಬೇಕು. ಪ್ಲಗ್ ವೈರಿಗೆ ಸ್ಪಾರ್ಕ್ ಟೆಸ್ಟರ್, ಒಂದು ಇಂಜೆಕ್ಟರಿನ ಕನೆಕ್ಟರಿಗೆ ಸಿಕ್ಕಿಸುವ ಪುಟ್ಟ ಪರೀಕ್ಷಾ ಬಲ್ಬು, ಇವೆರಡೇ ಸಾಕು. ಸ್ಪಾರ್ಕೂ ಇಲ್ಲ, ಬಲ್ಬೂ ಮಿಣುಕುತ್ತಿಲ್ಲ ಎಂದರೆ ಸಂಶಯ ಪಿಪ್ ಸೆನ್ಸರಿನ ಮೇಲೆ. ಬಲ್ಬು ಮಿಣುಕುತ್ತಿದೆ, ಸ್ಪಾರ್ಕ್ ಮಾತ್ರ ಇಲ್ಲ ಎಂದರೆ ಪಿಪ್ ಸರಿಯಿದೆ, ಇಗ್ನಿಷನ್ ಮಾಡ್ಯೂಲ್ ಅಥವಾ ಕಾಯಿಲ್ ನೋಡಬೇಕು. ಎರಡೂ ಇದ್ದು ಎಂಜಿನ್ ಹತ್ತುತ್ತಿಲ್ಲ ಎಂದರೆ ಪೆಟ್ರೋಲಿನ ಒತ್ತಡವನ್ನು ಅಳೆಯಬೇಕು. ಇಷ್ಟು ನೋಡಿದರೆ ಹತ್ತಾರು ಸಂಶಯಗಳಲ್ಲಿ ಎರಡೋ ಮೂರೋ ಉಳಿಯುತ್ತವೆ. ಈ ಪರೀಕ್ಷೆ ಎಂಜಿನ್ ತಣ್ಣಗಾದ ಮೇಲೆ ಮಾಡಿದರೆ ಏನೂ ಹೇಳುವುದಿಲ್ಲ, ಟೋಯಿಂಗ್ ಗಾಡಿ ಬರುವ ಹೊತ್ತಿಗೆ ಸಾಕ್ಷ್ಯ ಮಾಯವಾಗಿರುತ್ತದೆ.

ಎಂಜಿನ್ ಯಾವ ರೀತಿ ಆಫ್ ಆಯಿತು ಎಂಬುದೂ ಒಂದು ಸಾಕ್ಷ್ಯವೇ, ಮತ್ತು ಚಾಲಕನೊಬ್ಬನೇ ಅದನ್ನು ಹೇಳಬಲ್ಲ. ಕೀಲಿ ತಿರುಗಿಸಿ ಆಫ್ ಮಾಡಿದಂತೆ ಒಂದೇ ಏಟಿಗೆ ನಿಂತರೆ ಸ್ಪಾರ್ಕ್ ಹೋಗಿರುವ ಅಥವಾ ಕಂಪ್ಯೂಟರಿನ ವಿದ್ಯುತ್ ಕಡಿದಿರುವ ಸಾಧ್ಯತೆ ಹೆಚ್ಚು. ಸೊರಗಿ ಸೊರಗಿ, ಜರ್ಕ್ ಹೊಡೆದು, ಆಕ್ಸಿಲರೇಟರ್ ಒತ್ತಿದಷ್ಟೂ ಕುಸಿದು ನಿಂತರೆ ಪೆಟ್ರೋಲ್ ಸಾಲದೆ ಹೋಗಿರುವುದು ಹೆಚ್ಚು ಸಂಭವ, ಏಕೆಂದರೆ ಲೈನಿನಲ್ಲಿರುವ ಒತ್ತಡ ಇಳಿಯಲು ಒಂದಿಷ್ಟು ಹೊತ್ತು ಬೇಕು. ಸಿಗ್ನಲ್ಲಿಗೆ ಬಂದು ಕಾಲು ತೆಗೆದಾಗ ಮಾತ್ರ ಆಫ್ ಆಗಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದರೆ ಓಡುತ್ತಿದ್ದರೆ ಅದು ಬೇರೆಯದೇ ಗುಂಪಿನ ಕಾಯಿಲೆ: ಐಡಲ್ ಗಾಳಿಯ ವಾಲ್ವಿನಲ್ಲಿ ಕಟ್ಟಿದ ಕಿಟ್ಟ, ತೆರೆದುಕೊಂಡೇ ಉಳಿದ ಇ.ಜಿ.ಆರ್. ವಾಲ್ವು (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವುದು), ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪು, ಇಂಥವು. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯಾದ ಫೈರ್‌ವಾಲಿನ ಮೇಲಿರುವ ಮ್ಯಾಪ್ ಸೆನ್ಸರಿಗೆ ಹೋಗುವ ತೆಳ್ಳನೆಯ ಪೈಪನ್ನು ವಿಶೇಷವಾಗಿ ನೋಡಬೇಕು, ಎಂಜಿನ್ನಿನ ಮೇಲಿನ ಹೊರೆ ಎಷ್ಟೆಂದು ಕಂಪ್ಯೂಟರ್ ತಿಳಿಯುವುದು ಅದರಿಂದಲೇ. ಈ ಗುಂಪಿನ ದೋಷಗಳು ಹುಡುಕಲು ಸುಲಭ, ಹಾಗಾಗಿ ಅವುಗಳ ವಿವರಕ್ಕೆ ಇಲ್ಲಿ ಹೋಗುವುದಿಲ್ಲ.

ಆ ಕಾಲದ ಫೋರ್ಡ್ ಗಾಡಿ ಬಿಸಿಯಾದಾಗ ಆಫ್ ಆಗುತ್ತದೆ ಎಂದರೆ ಅಮೆರಿಕದಲ್ಲಿ ಯಾರಾದರೂ ಮೊದಲು ಹೇಳುವ ಹೆಸರು ಟಿ.ಎಫ್.ಐ. ಮಾಡ್ಯೂಲ್, ಅಂದರೆ ಮೇಲೆ ಹೇಳಿದ ಇಗ್ನಿಷನ್ ಮಾಡ್ಯೂಲ್. ಅದಕ್ಕೆ ಕಾರಣವೂ ಇದೆ. ಸ್ಪಾರ್ಕ್ ಕಾಯಿಲನ್ನು ಆನ್ ಆಫ್ ಮಾಡುವ ಈ ಮಾಡ್ಯೂಲನ್ನು ಡಿಸ್ಟ್ರಿಬ್ಯೂಟರಿನ ಮೈಗೇ ಕೂರಿಸಿದ್ದರು, ಎಂಜಿನ್ನಿನ ಬಿಸಿಯೆಲ್ಲ ಅದಕ್ಕೆ ನೇರವಾಗಿ ತಾಗುತ್ತಿತ್ತು. ಈ ವಿಷಯ ಕೋರ್ಟಿಗೂ ಹೋಯಿತು. ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯ ನ್ಯಾಯಾಧೀಶರೊಬ್ಬರು 2000ದಲ್ಲಿ ಕಂಪನಿಯ ವಿರುದ್ಧ ತೀರ್ಪು ಕೊಟ್ಟರು, 2001ರಲ್ಲಿ ರಾಜಿಯಾಯಿತು. ಮುಂದಿನ ಮಾದರಿಗಳಲ್ಲಿ ಮಾಡ್ಯೂಲನ್ನು ಡಿಸ್ಟ್ರಿಬ್ಯೂಟರಿನಿಂದ ದೂರ ತೆಗೆದು ಬೇರೆ ಹೀಟ್ ಸಿಂಕಿನ ಮೇಲೆ ಕೂರಿಸಿದ ಗಾಡಿಗಳನ್ನೂ ಕಾಣಬಹುದು. ಮಾಡ್ಯೂಲನ್ನು ಬದಲಿಸುವಾಗ ಅದರ ಬೆನ್ನಿಗೆ ಶಾಖ ದಾಟಿಸುವ ಸಿಲಿಕೋನ್ ಪೇಸ್ಟನ್ನು ಹಚ್ಚಲೇಬೇಕು, ಹಚ್ಚದಿದ್ದರೆ ಹೊಸದೂ ಬೇಗ ಸುಟ್ಟುಹೋಗುತ್ತದೆ. ಸ್ಕ್ರೂ ಬಿಚ್ಚಲು 5.5 ಮಿಲಿಮೀಟರಿನ ತೆಳು ಗೋಡೆಯ ಉದ್ದ ಸಾಕೆಟ್ ಬೇಕು. ಅನುಮಾನವಿದ್ದರೆ, ಓಡುತ್ತಿರುವ ಎಂಜಿನ್ನಿನಲ್ಲಿ ಮಾಡ್ಯೂಲಿಗೆ ಕೂದಲು ಒಣಗಿಸುವ ಡ್ರೈಯರಿನಿಂದ ಬಿಸಿ ಗಾಳಿ ಹಿಡಿದು ನೋಡಬಹುದು. ನನ್ನ ಗಾಡಿಯಲ್ಲಿ ಹಿಡಿದು ನೋಡಿದೆ. ಕೈಯಿಡಲಾಗದಷ್ಟು ಬಿಸಿಯಾದರೂ ಎಂಜಿನ್ ಅಲುಗಲಿಲ್ಲ. ಒಂದು ಭಾಗಕ್ಕೆ ಕೆಟ್ಟ ಹೆಸರಿದೆ ಎಂಬುದು ನಮ್ಮ ಮುಂದಿರುವ ಗಾಡಿಯಲ್ಲಿ ಅದೇ ಕೆಟ್ಟಿದೆ ಎನ್ನುವುದಕ್ಕೆ ಸಾಕ್ಷಿಯಾಗದು.

ಕಂಪ್ಯೂಟರಿನಲ್ಲಿ ದೋಷದ ಕೋಡುಗಳನ್ನು ಓದಬಹುದಲ್ಲವೇ ಎಂದು ಕೇಳುವವರಿಗೆ ಒಂದು ಮಾತು. ಸ್ಕ್ಯಾನರ್ ಸಿಕ್ಕಿಸಿ ಕೋಡು ಓದುವ, ಇಂದು ಎಲ್ಲರೂ ಬಲ್ಲ ಓ.ಬಿ.ಡಿ.-2 ಪದ್ಧತಿ ಅಮೆರಿಕದಲ್ಲಿ ಕಡ್ಡಾಯವಾದದ್ದು 1996ರ ಮಾದರಿಗಳಿಂದ. ಅದಕ್ಕೆ ಮೊದಲಿನ ಈ ಪಿಕಪ್‌ನಲ್ಲಿ ಬಾನೆಟ್ಟಿನಡಿಯ ಟೆಸ್ಟ್ ಕನೆಕ್ಟರಿನಲ್ಲಿ ಎರಡು ಪಿನ್ನುಗಳನ್ನು ಒಂದು ತುಂಡು ವೈರಿನಿಂದ ಜೋಡಿಸಿ, ಕಂಪ್ಯೂಟರ್ ಕೋಡಾಗಿ ಕಳಿಸುವ ಮಿಡಿತಗಳನ್ನು ಎಣಿಸಬೇಕು. ಈಗ ಇರುವ ದೋಷಗಳ ಕೋಡು ಮೊದಲು ಬರುತ್ತದೆ, ಒಂದು ಒಂಟಿ ಮಿಡಿತದ ಬಳಿಕ ನೆನಪಿನಲ್ಲಿಟ್ಟುಕೊಂಡ ಹಳೆಯ ಕೋಡು ಬರುತ್ತದೆ. 11 ಎಂದರೆ ಎಲ್ಲ ಸರಿ. ನೆನಪಿನಲ್ಲಿ 14 ಇದ್ದರೆ ಪಿಪ್ ಮಿಡಿತ ತಪ್ಪಿದೆ, 18 ಇದ್ದರೆ ಇಗ್ನಿಷನ್ನಿನ ಸಂಕೇತ ತಪ್ಪಿದೆ. ನನ್ನದರಲ್ಲಿ ಎರಡೂ ಕಡೆ 11 ಬಂತು. ಇದರಿಂದ ನಿರಾಶೆಪಡುವುದಕ್ಕಿಂತ, ಇಗ್ನಿಷನ್ ಕಡೆಯಿಂದ ದೂರು ಬಂದಿಲ್ಲ ಎಂಬುದನ್ನು ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಪೆಟ್ರೋಲಿನ ಒತ್ತಡವನ್ನು ಅಳೆಯುವ ಸೆನ್ಸರ್ ಈ ಎಂಜಿನ್ನಿನಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ಒತ್ತಡ ಎಷ್ಟೇ ಬಿದ್ದರೂ ಕಂಪ್ಯೂಟರಿಗೆ ಅದು ನೇರವಾಗಿ ಕಾಣುವುದಿಲ್ಲ.

ಹೀಗಾಗಿ ಒತ್ತಡದ ಗೇಜನ್ನು ಗಾಡಿಗೆ ಜೋಡಿಸಿಕೊಂಡೇ ಓಡಾಡಬೇಕಾಯಿತು. ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಾದ ಫ್ಯೂಯಲ್ ರೈಲಿನ ಮೇಲೆ ಟೈರಿನ ವಾಲ್ವಿನಂಥ ಶ್ರೇಡರ್ ವಾಲ್ವು ಇರುತ್ತದೆ. ಅದಕ್ಕೆ ಉದ್ದ ಹೋಸ್ ಇರುವ ಗೇಜನ್ನು ತಿರುಗಿಸಿ, ಬಿಸಿ ಭಾಗಗಳಿಗೂ ಫ್ಯಾನಿಗೂ ತಾಗದಂತೆ ಹೋಸನ್ನು ಕಟ್ಟಿ, ಬಾನೆಟ್ಟಿನ ಹಿಂಬದಿಯ ಸಂದಿನಿಂದ ಹೊರತಂದು, ಗೇಜನ್ನು ಗಾಜಿನ ಹೊರಗೆ ವೈಪರಿನಡಿ ಟೇಪಿನಿಂದ ಭದ್ರ ಮಾಡಿದೆ. ಗೇಜನ್ನು ಯಾವ ಕಾರಣಕ್ಕೂ ಕ್ಯಾಬಿನ್ನಿನ ಒಳಗೆ ತರಬಾರದು, ಅದರೊಳಗೆ ಇರುವುದು ಒತ್ತಡದಲ್ಲಿರುವ ಪೆಟ್ರೋಲ್. ಪಕ್ಕದ ಸೀಟಿನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಪಂಪಿಗೆ ಹೋಗುವ ವೈರಿನಿಂದಲೂ ಸಣ್ಣ ಫ್ಯೂಸ್ ಹಾಕಿದ ಒಂದು ಎಳೆಯನ್ನು ತೆಗೆದು ಮಲ್ಟಿಮೀಟರಿಗೆ ಕೊಟ್ಟು, ಅದನ್ನು ಪಕ್ಕದಲ್ಲಿ ಕೂತವರು ಓದುವಂತೆ ಇಟ್ಟೆ. ಓಡಿಸುವವರು ರಸ್ತೆಯನ್ನೇ ನೋಡಬೇಕು, ಮೀಟರ್ ನೋಡಲು ಇನ್ನೊಬ್ಬರು ಇರಲೇಬೇಕು. ನನ್ನ ಮಗಳು ಆ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡಿದಳು.

4.9 ಲೀಟರ್ ಎಂಜಿನ್ನಿಗೆ ಓಡುವಾಗ 45ರಿಂದ 60 ಪಿ.ಎಸ್.ಐ. (ಚದರ ಅಂಗುಲಕ್ಕೆ ಪೌಂಡ್) ಒತ್ತಡ ಇರಬೇಕು. ಅದೇ ಕಾಲದ ವಿ-8 ಎಂಜಿನ್ನುಗಳಿಗಿಂತ ಇದು ಹೆಚ್ಚು, ಹಾಗಾಗಿ ಅವುಗಳ ಅಂಕಿಯನ್ನು ಇಟ್ಟುಕೊಂಡು 35 ಬಂದರೆ ಸಾಕೆಂದು ಬಿಟ್ಟುಬಿಡಬಾರದು. ಮನೆಯಿಂದ ಹೊರಟಾಗ ಮುಳ್ಳು 50ರ ಆಚೆ ಗಟ್ಟಿಯಾಗಿ ನಿಂತಿತ್ತು. ನಗರ ದಾಟಿ ಬಿಸಿಲಿನ ಹೆದ್ದಾರಿಯಲ್ಲಿ ಸಾಕಷ್ಟು ದೂರ ಹೋದ ಮೇಲೆ, ಎಂಜಿನ್ ಇನ್ನೂ ಚೆನ್ನಾಗಿ ಓಡುತ್ತಿರುವಾಗಲೇ, "ಅಪ್ಪಾ, ವೋಲ್ಟ್ ಇಳೀತಾ ಇದೆ" ಎಂದಳು ಮಗಳು. ಹನ್ನೆರಡರ ಮೇಲಿದ್ದದ್ದು ಹತ್ತಕ್ಕೆ ಬಂತು, ಸ್ವಲ್ಪ ಹೊತ್ತು ಅಲ್ಲಿಯೇ ಅಲುಗಾಡಿತು, ಮತ್ತೆ ಇಳಿಯಿತು. ಆಮೇಲೆ ಗೇಜಿನ ಮುಳ್ಳು ಹೊರಟಿತು: 45, 40, 35. ಮೂವತ್ತರ ಆಸುಪಾಸಿನಲ್ಲಿ ಆ ಪರಿಚಿತ ತಡವರಿಕೆ ಶುರುವಾಯಿತು, ಬದಿಗೆ ತಿರುಗಿಸಿ ನಿಲ್ಲಿಸುವಷ್ಟರಲ್ಲಿ ಎಂಜಿನ್ ಆಫ್. ಕೀಲಿ ಆಫ್ ಮಾಡಿ ಆನ್ ಮಾಡಿದಾಗ ದೀಪ ಬೆಳಗಿತು, ಪಂಪಿನ ಸದ್ದು ಬಂತು, ಆದರೆ ಆ ಸದ್ದಿನಲ್ಲಿ ಎಂದಿನ ಬಿಗಿ ಇರಲಿಲ್ಲ. ಸೆಲ್ಫ್ ಹೊಡೆದರೆ ಟೆಸ್ಟರಿನಲ್ಲಿ ಒಳ್ಳೆಯ ನೀಲಿ ಸ್ಪಾರ್ಕ್, ಬಲ್ಬಿನಲ್ಲಿ ಒಳ್ಳೆಯ ಮಿಣುಕು.

ಇಷ್ಟು ಹೊತ್ತಿಗೆ ಬಹಳಷ್ಟು ತೀರ್ಮಾನವಾಗಿತ್ತು. ಕಂಪ್ಯೂಟರ್, ಪಿಪ್, ಮಾಡ್ಯೂಲ್, ಕಾಯಿಲ್, ಇಂಜೆಕ್ಟರಿನ ಆಜ್ಞೆ ಇವೆಲ್ಲ ಸರಿಯಾಗಿದ್ದವು. ಕಡಿಮೆಯಾದದ್ದು ಪೆಟ್ರೋಲಿನ ಒತ್ತಡ, ಅದಕ್ಕೂ ಮೊದಲು ಇಳಿದದ್ದು ಪಂಪಿಗೆ ಹೋಗುವ ವೋಲ್ಟು. ಈ ಕ್ರಮವೇ ಎಲ್ಲಕ್ಕಿಂತ ಮುಖ್ಯ. ಪಂಪ್ ಒಳಗೇ ಸವೆದು ಸೋತಿದ್ದರೆ ವೋಲ್ಟು ತುಂಬಿಯೇ ಇದ್ದು ಒತ್ತಡ ಮಾತ್ರ ಬೀಳಬೇಕಿತ್ತು. ಗೇಜೊಂದನ್ನೇ ನೋಡಿದ್ದರೆ ಪಂಪ್ ಕೆಟ್ಟಿದೆ ಎಂದು ಯಾರೇ ಆದರೂ ಹೇಳುತ್ತಿದ್ದರು, ಮತ್ತೆ ಟ್ಯಾಂಕು ಇಳಿಸುವ ಕೆಲಸಕ್ಕೆ ಹೋಗುತ್ತಿದ್ದರು.

ಈ ಪಿಕಪ್‌ಗೆ ಎರಡು ಟ್ಯಾಂಕುಗಳಿರುವುದು ಪರೀಕ್ಷೆಗೆ ಒಂದು ವರ. 1990ರಿಂದ ಪ್ರತಿ ಟ್ಯಾಂಕಿನೊಳಗೂ ಪೂರ್ತಿ ಒತ್ತಡ ಕೊಡುವ ತನ್ನದೇ ಪಂಪ್ ಇದೆ. ಡ್ಯಾಶ್‌ಬೋರ್ಡಿನ ಸ್ವಿಚ್ಚಿನಿಂದ ಯಾವುದು ಬೇಕೋ ಅದನ್ನು ಆರಿಸಿಕೊಳ್ಳಬಹುದು. 1987ರಿಂದ 1989ರವರೆಗಿನ ಗಾಡಿಗಳಲ್ಲಿ ಟ್ಯಾಂಕುಗಳಲ್ಲಿ ಕಡಿಮೆ ಒತ್ತಡದ ಪಂಪುಗಳಿದ್ದು, ಚಾಸಿಯ ಮೇಲೆ ಎರಡಕ್ಕೂ ಸೇರಿದ ಒಂದು ದೊಡ್ಡ ಪಂಪ್ ಇರುತ್ತಿತ್ತು, ಅವುಗಳಿಗೆ ಈ ತರ್ಕ ಹಾಗೆಯೇ ಒಪ್ಪುವುದಿಲ್ಲ. ನನ್ನ ಗಾಡಿ ಆಫ್ ಆದ ಸ್ಥಿತಿಯಲ್ಲೇ ಹಿಂದಿನ ಟ್ಯಾಂಕಿಗೆ ಬದಲಿಸಿದರೂ ಒತ್ತಡ ಏರಲಿಲ್ಲ. ಎರಡು ಪಂಪುಗಳು ಒಂದೇ ಗಳಿಗೆಯಲ್ಲಿ ಕೆಡುವುದು ನಂಬುವಂಥದ್ದಲ್ಲ. ಎರಡಕ್ಕೂ ಸೇರಿದ ದಾರಿಯಲ್ಲೇ ದೋಷವಿರಬೇಕು. ಆ ದಾರಿ ಹೀಗಿದೆ: ಪಂಪ್ ರಿಲೇಯಿಂದ ಹೊರಟ ವೈರು, ಡಿಕ್ಕಿಯಾದಾಗ ಪಂಪನ್ನು ನಿಲ್ಲಿಸುವ ಇನರ್ಷಿಯಾ ಸ್ವಿಚ್ಚಿಗೆ ಹೋಗುತ್ತದೆ, ಅಲ್ಲಿಂದ ಟ್ಯಾಂಕು ಆರಿಸುವ ಸ್ವಿಚ್ಚಿಗೆ, ಅಲ್ಲಿಂದ ಕವಲೊಡೆದು ಎರಡು ಪಂಪುಗಳಿಗೆ.

ಮುಂದಿನ ಕೆಲಸ ಮನೆಯಂಗಳದಲ್ಲೇ ಆಯಿತು. ಟೆಸ್ಟ್ ಕನೆಕ್ಟರಿನಲ್ಲಿ ಪಂಪಿಗೆಂದೇ ಇರುವ ಪಿನ್ನನ್ನು ಅರ್ಥ್‌ಗೆ ಜೋಡಿಸಿ ಕೀಲಿ ಆನ್ ಮಾಡಿದರೆ, ಎಂಜಿನ್ ಓಡದಿದ್ದರೂ ಪಂಪ್ ಎಡೆಬಿಡದೆ ಓಡುತ್ತದೆ. ಬ್ಯಾಟರಿಗೆ ಚಾರ್ಜರ್ ಕೊಟ್ಟು, ಮಧ್ಯಾಹ್ನದ ಬಿಸಿಲಿನಲ್ಲಿ ಕ್ಯಾಬಿನ್ನಿನ ಗಾಜುಗಳನ್ನೆಲ್ಲ ಏರಿಸಿ ಪಂಪನ್ನು ಓಡಲು ಬಿಟ್ಟೆ. ವೋಲ್ಟು ಇಳಿಯತೊಡಗಿದ ಮೇಲೆ ದಾರಿಯ ಒಂದೊಂದು ತುಂಡಿನ ಎರಡು ತುದಿಗಳಿಗೂ ಮೀಟರಿನ ಕಡ್ಡಿಗಳನ್ನಿಟ್ಟು ನಡುವೆ ಎಷ್ಟು ವೋಲ್ಟು ಸೋರಿಹೋಗುತ್ತಿದೆ ಎಂದು ಅಳೆದೆ. ಕರೆಂಟ್ ಹರಿಯುತ್ತಿರುವಾಗ ಮಾತ್ರ ಈ ಅಳತೆಗೆ ಅರ್ಥವಿದೆ; ವೈರು ಬಿಚ್ಚಿ ಅದರ ಪ್ರತಿರೋಧವನ್ನು (ಓಮ್) ಅಳೆದರೆ ಒಂದೇ ಒಂದು ಎಳೆ ತಾಮ್ರ ಉಳಿದಿದ್ದರೂ ಮೀಟರ್ ಸರಿಯಿದೆ ಎಂದೇ ಹೇಳುತ್ತದೆ. ರಿಲೇಯಲ್ಲಿ ನಷ್ಟ ಅತ್ಯಲ್ಪ. ಟ್ಯಾಂಕಿನ ಸ್ವಿಚ್ಚಿನಲ್ಲೂ ಅಷ್ಟೇ. ಇನರ್ಷಿಯಾ ಸ್ವಿಚ್ಚಿನ ಎರಡು ಬದಿಗಳ ನಡುವೆ ಮಾತ್ರ 5 ವೋಲ್ಟ್.

ಈ ಸ್ವಿಚ್ಚು ಪಕ್ಕದ ಸೀಟಿನವರ ಕಾಲಿನ ಬಳಿ, ಗೇರ್‌ಬಾಕ್ಸಿನ ಉಬ್ಬಿನ ಪಕ್ಕದಲ್ಲಿ, ಮ್ಯಾಟಿನ ಮರೆಯಲ್ಲಿರುತ್ತದೆ. ಒಳಗೆ ಆಯಸ್ಕಾಂತ ಹಿಡಿದಿಟ್ಟ ಒಂದು ಉಕ್ಕಿನ ಗುಂಡು ಇದೆ. ಡಿಕ್ಕಿಯಾದರೆ ಗುಂಡು ಜಾಗ ಬಿಟ್ಟು ಹಾರಿ ಪಂಪಿನ ವಿದ್ಯುತ್ತನ್ನು ಕಡಿಯುತ್ತದೆ, ಮೇಲಿನ ಗುಂಡಿಯನ್ನು ಒತ್ತಿದರೆ ಮತ್ತೆ ಕೂಡಿಕೊಳ್ಳುತ್ತದೆ. ಕನೆಕ್ಟರನ್ನು ಮುಟ್ಟಿದಾಗ ಬೆರಳು ಹಿಂದೆಗೆಯುವಷ್ಟು ಸುಡುತ್ತಿತ್ತು. ಪಂಪನ್ನು ನಿಲ್ಲಿಸಿ, ತಣ್ಣಗಾದ ಮೇಲೆ ಕಿತ್ತು ನೋಡಿದರೆ ಎರಡು ಪಿನ್ನುಗಳಲ್ಲಿ ಒಂದು ಸ್ವಚ್ಛವಾಗಿತ್ತು, ಇನ್ನೊಂದರ ಬುಡದಲ್ಲಿ ಹಸಿರು ಕಿಲುಬು ಕಟ್ಟಿತ್ತು, ಸುತ್ತಲಿನ ಪ್ಲಾಸ್ಟಿಕ್ಕು ಕಂದಾಗಿ ಸ್ವಲ್ಪ ಸೊಟ್ಟಗಾಗಿತ್ತು. ಪಿನ್ನನ್ನು ಕಚ್ಚಿ ಹಿಡಿಯಬೇಕಾದ ಟರ್ಮಿನಲ್ ಕಾವಿಗೆ ಬಿಗಿ ಕಳೆದುಕೊಂಡು ಸಡಿಲವಾಗಿತ್ತು. ಪಂಪ್ ಸುಮಾರು 5 ಆಂಪಿಯರ್ ಎಳೆಯುತ್ತಿದೆ ಎಂದಿಟ್ಟುಕೊಂಡರೂ, 5 ವೋಲ್ಟ್ ನಷ್ಟಕ್ಕೆ 25 ವ್ಯಾಟ್ ಶಾಖ ಆ ಒಂದು ಚಿಕ್ಕ ಟರ್ಮಿನಲ್ಲಿನಲ್ಲಿ ಹುಟ್ಟುತ್ತದೆ, ರೇಡಿಯೋ ರಿಪೇರಿಯವರ ಮೇಜಿನ ಮೇಲಿರುವ ಸೋಲ್ಡರಿಂಗ್ ಐರನ್ನಿನಷ್ಟು. ಬಿಸಿಯಾದಂತೆ ಹಿಡಿತ ಸಡಿಲುತ್ತದೆ, ಹಿಡಿತ ಸಡಿಲಿದಂತೆ ಬಿಸಿ ಏರುತ್ತದೆ. ಪಂಪ್ ನಿಂತರೆ ಶಾಖವೂ ನಿಂತು, ಟರ್ಮಿನಲ್ ಆರಿ ಮತ್ತೆ ಒಂದಿಷ್ಟು ಕಚ್ಚಿಕೊಳ್ಳುತ್ತದೆ. ಇಪ್ಪತ್ತು ನಿಮಿಷದ ವಿಶ್ರಾಂತಿ ಬೇಕಾಗುತ್ತಿದ್ದುದು ಎಂಜಿನ್ನಿಗಲ್ಲ, ಈ ಟರ್ಮಿನಲ್ಲಿಗೆ. ಚಳಿಗಾಲದಲ್ಲಿ ಕ್ಯಾಬಿನ್ ತಣ್ಣಗಿದ್ದು ಶಾಖ ಹರಡಿಹೋಗುತ್ತಿದ್ದುದರಿಂದ ಆಗ ತೊಂದರೆ ಇರಲಿಲ್ಲ.

ಕಿಲುಬು ಬಂದದ್ದು ಎಲ್ಲಿಂದ ಎಂಬುದನ್ನು ನೋಡದೆ ಟರ್ಮಿನಲ್ ಒಂದನ್ನೇ ಬದಲಿಸಿದ್ದರೆ ಕೆಲಸ ಅರ್ಧ ಮಾತ್ರ ಆಗುತ್ತಿತ್ತು. ಮ್ಯಾಟನ್ನು ಪೂರ್ತಿ ಎತ್ತಿದಾಗ ಅಡಿಯ ಹಾಸು ಅಂಟಂಟಾಗಿತ್ತು, ಕೂಲಂಟಿನ ಸಿಹಿ ವಾಸನೆ ಇತ್ತು. ಹೀಟರಿನ ಪೆಟ್ಟಿಗೆ ಇರುವುದು ಸರಿಯಾಗಿ ಸ್ವಿಚ್ಚಿನ ಮೇಲ್ಭಾಗದಲ್ಲಿ. ಅದರೊಳಗಿನ ಹೀಟರ್ ಕೋರ್ (ಬಿಸಿ ಕೂಲಂಟ್ ಹರಿಯುವ ಪುಟ್ಟ ರೇಡಿಯೇಟರ್) ವಯಸ್ಸಾಗಿ ಸಣ್ಣಗೆ ಒಸರುತ್ತಿತ್ತು, ಒಸರಿದ್ದು ವೈರುಗಳ ಕಟ್ಟಿನ ಗುಂಟ ಇಳಿದು ಕನೆಕ್ಟರಿನಲ್ಲಿ ನಿಲ್ಲುತ್ತಿತ್ತು. ಮೂವತ್ತು ವರ್ಷ ದಾಟಿದ ಗಾಡಿಯಲ್ಲಿ ಇದನ್ನು ಯಾರ ತಪ್ಪೆಂದೂ ಹೇಳಲಾಗದು. ಕೋರನ್ನು ಬದಲಿಸಿದೆ, ಹಾಸನ್ನು ತೊಳೆದು ಒಣಗಿಸಿದೆ, ಹೊಸ ಸ್ವಿಚ್ಚಿಗೆ ವೈರಿನ ಬಾಲವಿರುವ ಹೊಸ ಕನೆಕ್ಟರ್ ತಂದು, ಕಪ್ಪಾದ ತಾಮ್ರವನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ, ಕ್ರಿಂಪ್ ಮಾಡಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ ಹಾಕಿ ಮುಚ್ಚಿದೆ. ಇನರ್ಷಿಯಾ ಸ್ವಿಚ್ಚನ್ನು ತೆಗೆದು ಎರಡು ವೈರುಗಳನ್ನೂ ನೇರವಾಗಿ ಸುತ್ತಿಬಿಡಿ, ಕಾಟ ತಪ್ಪುತ್ತದೆ ಎಂದು ಸಲಹೆ ಕೊಡುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಡಿಕ್ಕಿಯಲ್ಲಿ ಪೆಟ್ರೋಲ್ ಲೈನು ಕಡಿದು, ಎಂಜಿನ್ ಇನ್ನೂ ತಿರುಗುತ್ತಿದ್ದರೆ, ಪಂಪನ್ನು ನಿಲ್ಲಿಸುವುದು ಅದೊಂದೇ.

ದುರಸ್ತಿಯ ಬಳಿಕ ಅದೇ ಬಿಸಿಲಿನಲ್ಲಿ, ಗಾಜುಗಳನ್ನು ಏರಿಸಿ, ಅದೇ ರೀತಿ ಪಂಪನ್ನು ಓಡಿಸಿ ಅಳೆದಾಗ ಸ್ವಿಚ್ಚಿನ ಎರಡು ಬದಿಗಳ ನಡುವಿನ ನಷ್ಟ 0.1 ವೋಲ್ಟಿಗಿಂತ ಕಡಿಮೆ ಇತ್ತು. ಗೇಜನ್ನು ಮತ್ತೆ ವೈಪರಿನಡಿ ಕಟ್ಟಿಕೊಂಡು ಅದೇ ಹೆದ್ದಾರಿಯಲ್ಲಿ, ಮೊದಲು ಮುಂದಿನ ಟ್ಯಾಂಕಿನಲ್ಲಿ, ಬಳಿಕ ಹಿಂದಿನದರಲ್ಲಿ ಓಡಿಸಿದೆವು. ಎರಡರಲ್ಲೂ ಒತ್ತಡ 50ರ ಮೇಲೆಯೇ ಇತ್ತು. ಹಿಂದಿನ ಟ್ಯಾಂಕಿನ ಪಂಪ್ ಮಾತ್ರ ಮುಂದಿನದಕ್ಕಿಂತ ಎರಡು ಮೂರು ಪಿ.ಎಸ್.ಐ. ಕಡಿಮೆ ತೋರಿಸುತ್ತದೆ. ಅದು ಇನ್ನೂ ಗಾಡಿಯ ಜೊತೆ ಬಂದ ಹಳೆಯ ಪಂಪು, ಮಿತಿಯೊಳಗೇ ಇದೆ. ಅದರ ಅಂಕಿಯನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ಮುಂದಿನ ಬೇಸಿಗೆಗೆ ಮುಂಚೆ ಇನ್ನೊಮ್ಮೆ ಅಳೆದು ಹೋಲಿಸಬೇಕು.